ಹಳೆಯ ಸ್ಪೀಕರ್ ದುರಸ್ತಿ ಮಾಡಿಸಬೇಕೇ, ಹೊಸದನ್ನು ಕೊಳ್ಳಬೇಕೇ?

ನಾನು ಹಳೆಯ ಸ್ಪೀಕರ್‌ಗಳನ್ನು ಬಿಚ್ಚಿ ಜೋಡಿಸುವುದನ್ನು ಬಲ್ಲವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಮೂವತ್ತು ನಲವತ್ತು ವರ್ಷ ಹಳೆಯ ಜೋಡಿಯನ್ನು ಸರಿಪಡಿಸುವುದೋ, ಆ ಹಣವನ್ನು ಹೊಸದಕ್ಕೆ ಹಾಕುವುದೋ? ಕೆಟ್ಟಿರುವ ಭಾಗ ಯಾವುದೆಂದು ತಿಳಿಯದೆ ನಾನು ಉತ್ತರಿಸುವುದಿಲ್ಲ. ಸವೆದುಹೋಗುವ ಭಾಗ ಕೆಟ್ಟಿದ್ದರೆ ದುರಸ್ತಿ ಮಾಡಿಸಿ ಎನ್ನುತ್ತೇನೆ. ಮತ್ತೆ ಸಿಗದ ಭಾಗ ಕೆಟ್ಟಿದ್ದರೆ ಬೇಡವೆನ್ನುತ್ತೇನೆ.

ಹೆಚ್ಚಿನವರು ಗಾಬರಿಯಾಗುವುದು ವೂಫರ್ (ಮಂದ್ರ ಸ್ವರಗಳ ದೊಡ್ಡ ಘಟಕ) ಕೋನಿನ ಸುತ್ತಲಿನ ಫೋಮ್ ಅಂಚು ಪುಡಿಯಾಗಿ ಉದುರುವುದನ್ನು ಕಂಡಾಗ. ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೆ ಸಿಕ್ಕಿ, ಸ್ಪೀಕರನ್ನು ಬಳಸದೆ ಇಟ್ಟಿದ್ದರೂ, ತಾನಾಗಿಯೇ ಶಿಥಿಲವಾಗುತ್ತದೆ. ರಬ್ಬರ್ ಮತ್ತು ಬಟ್ಟೆಯ ಅಂಚುಗಳು ಸಾಮಾನ್ಯವಾಗಿ ಅದಕ್ಕಿಂತ ಬಹುಕಾಲ ಬಾಳುತ್ತವೆ. ನೋಡಲು ಭೀಕರವಾದರೂ ಇದು ಸುಲಭವಾಗಿ ಸರಿಹೋಗುವ ದೋಷ. ಆದರೆ ಹೊಸ ಅಂಚು ಮೂಲದಷ್ಟೇ ಮೃದುವಾಗಿರಬೇಕು, ಏಕೆಂದರೆ ಅದು ಬಿಗಿಯಾದಷ್ಟೂ ವೂಫರಿನ ಅನುರಣನ ಆವರ್ತನ (ಅದು ತಾನಾಗಿ ಕಂಪಿಸುವ ವೇಗ) ಮೇಲೇರಿ ಮಂದ್ರದ ಆಳ ಕುಗ್ಗುತ್ತದೆ. ಅಂಟಿಸುವಾಗ ಕೋನನ್ನು ಅಲುಗಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಅಯಸ್ಕಾಂತದ ಸಂದಿನ ನಡುವೆ ಸರಿಯಾಗಿ ಕೂರದಿದ್ದರೆ ಕೋನ್ ಅಲುಗಿದಾಗಲೆಲ್ಲ ಉಜ್ಜುವ ಸದ್ದು ಬರುತ್ತದೆ.

ಸ್ವರಗಳನ್ನು ವೂಫರಿಗೂ ತಾರ ಸ್ವರಗಳ ಚಿಕ್ಕ ಘಟಕವಾದ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೂ ಒಣಗುತ್ತವೆ. ಅವನ್ನು ಎರಡೂ ಪೆಟ್ಟಿಗೆಗಳಲ್ಲಿ ಒಟ್ಟಿಗೇ, ಅದೇ ಮೈಕ್ರೋಫ್ಯಾರಡ್ ಅಳತೆಯವುಗಳಿಂದ ಬದಲಿಸಿದರೆ ಸಾಕು.

ಟ್ವೀಟರಿನ ವಿಷಯದಲ್ಲಿ ಮಾತ್ರ ನಾನು ಕಠೋರ. ಎಂಟು ಓಮಿನದೆಂದು ಬರೆದಿರುವ ಸ್ಪೀಕರ್ ಘಟಕವೊಂದರ ತಂತಿಯನ್ನು ಬಿಡಿಸಿ ಮಲ್ಟಿಮೀಟರ್ ಇಟ್ಟರೆ ಸಾಮಾನ್ಯವಾಗಿ ಆರು ಓಮಿನ ಆಸುಪಾಸು ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಅದರ ತಂತಿ ಎಲ್ಲೋ ತುಂಡಾಗಿದೆ. ತಯಾರಿಕೆ ನಿಂತುಹೋದ ಟ್ವೀಟರಿಗೆ ಬದಲಿ ಸಿಗುವುದು ಇನ್ನೊಂದು ಹಳೆಯ ಜೋಡಿಯಿಂದಲೇ, ಅದರ ಆಯಸ್ಸನ್ನು ಯಾರು ಬಲ್ಲರು? 1970ರ ದಶಕದ ಯಮಹಾ ಎನ್‌ಎಸ್-1000 ಇದಕ್ಕೆ ಪ್ರಸಿದ್ಧ ಉದಾಹರಣೆ: ಅದರ ಮಧ್ಯ ಮತ್ತು ತಾರ ಸ್ವರಗಳ ಗುಮ್ಮಟದಾಕಾರದ ಪೊರೆಗಳು ಬೆರಿಲಿಯಮ್ ಎಂಬ ಲೋಹದವು. ಅವು ಒಡೆದರೆ ಹಾಗೆಯೇ ಸರಿಪಡಿಸಲಾಗದು, ಮೇಲಾಗಿ ಬೆರಿಲಿಯಮ್ಮಿನ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಪೆಟ್ಟಿಗೆಯೂ ಮೊದಲಿನಂತಾಗುವುದಿಲ್ಲ.

ಇನ್ನು ಹೊಸದರ ಪರವಾಗಿಯೂ ಹೇಳಬೇಕು. ಎಂಜಿನಿಯರುಗಳಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಪೆಟ್ಟಿಗೆಯ ಗಾತ್ರ ಮತ್ತು ವೂಫರಿನ ಗುಣಗಳ ನಂಟನ್ನು ಲೆಕ್ಕಕ್ಕೆ ತಂದ ಮೇಲೆ, ಅದಕ್ಕೆ ಕಂಪ್ಯೂಟರಿನ ಅಳತೆಯೂ ಸೇರಿದ ಮೇಲೆ, ಚಿಕ್ಕ ಸ್ಪೀಕರ್‌ಗಳು ಸಹ ಆಶ್ಚರ್ಯವಾಗುವಷ್ಟು ಸಮತೋಲದ ಧ್ವನಿ ಕೊಡುತ್ತಿವೆ. ದೊಡ್ಡ ಕೋನಿನ ಹಳೆಯ ಪೆಟ್ಟಿಗೆ ಕೋಣೆಯ ಗಾಳಿಯನ್ನು ಅಲುಗಿಸುವ ಬಗೆಯೇ ಬೇರೆ, ಅದು ನಿಜ; ಆ ಸುಖ ಬೇಕಿಲ್ಲದವರು ಹೊಸದನ್ನೇ ಕೊಳ್ಳಲಿ. ದುರಸ್ತಿ ಮಾಡಿಸಲೆಂದೇ ಕೆಟ್ಟ ಜೋಡಿಯನ್ನು ಕೊಳ್ಳಲು ಹೊರಟವರನ್ನಂತೂ ನಾನು ತಡೆಯುತ್ತೇನೆ, ಮೀಟರನ್ನು ಜೊತೆಗೆ ಒಯ್ಯದಿದ್ದರೆ.