ಡೊಂಬಿವಲಿಯ ಓಟಗಾರ್ತಿಗೆ ಯಾವ ಕಾಲೇಜು ಹತ್ತಿರ?

ಹನ್ನೆರಡನೇ ತರಗತಿಯ ಫಲಿತಾಂಶ ಬಂತೆಂದರೆ, ಮಕ್ಕಳು ಮೈದಾನದಲ್ಲಿರುವ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ: ಇಲ್ಲೇ ಸೇರಿಸುವುದೋ, ಊರಿಗೆ ಕಳಿಸುವುದೋ? ಕರಾವಳಿ ಮೂಲದವರಾದರೆ ಊರಿನ ಕಡೆ ಮೊದಲು ನೆನಪಾಗುವುದು ಮೂಡುಬಿದಿರೆಯ ಆಳ್ವಾಸ್ ಕಾಲೇಜು. ಆಯ್ಕೆಯಾದ ಕ್ರೀಡಾಪಟುಗಳಿಗೆ ಅಲ್ಲಿ ದತ್ತು ಯೋಜನೆಯಡಿ ಓದು, ಊಟ, ವಸತಿ ಉಚಿತ. "ಅಜ್ಜಿ ಮನೆ ಕಾರ್ಕಳದಲ್ಲೇ ಉಂಟಲ್ಲ, ಹೆದರಿಕೆ ಎಂಥದ್ದು?" ಎಂದು ಅಪ್ಪ ಹೇಳುತ್ತಾರೆ. ಅಮ್ಮನಿಗೆ ಮಗಳು ಕಣ್ಣೆದುರು ಇರಬೇಕು.

ಕಣ್ಣೆದುರು ಇರುವ ಮಗಳ ಒಂದು ದಿನವನ್ನು ಗಂಟೆ ಹಿಡಿದು ನೋಡೋಣ. ಮನೆ ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ, ಓಡುವುದು 400 ಮೀಟರ್. ಅವಳು ಅಭ್ಯಾಸ ಮಾಡುವ ಸಿಂಥೆಟಿಕ್ ಟ್ರ್ಯಾಕ್ ಇರುವುದು ದಕ್ಷಿಣ ಮುಂಬಯಿಯ ನೇಪಿಯನ್ ಸೀ ರಸ್ತೆಯ ಪ್ರಿಯದರ್ಶಿನಿ ಪಾರ್ಕ್‌ನಲ್ಲಿ. ಮುಂಜಾನೆ ಪೌಣೆ ನಾಲ್ಕಕ್ಕೆ (3.45ಕ್ಕೆ) ಏಳಬೇಕು, ನಾಲ್ಕೂವರೆಯ ಸುಮಾರಿಗೆ ಲೋಕಲ್ ಹಿಡಿಯಬೇಕು, ದಾದರ್‌ನಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನಿಗೆ ಬಂದು, ಗ್ರಾಂಟ್ ರೋಡಿನಲ್ಲಿಳಿದು ಬಸ್ಸು ಹತ್ತಬೇಕು. ಟ್ರ್ಯಾಕ್ ಮುಟ್ಟುವಾಗ ಆರೂವರೆ. ಎಂಟೂವರೆಗೆ ಅಭ್ಯಾಸ ಮುಗಿದರೆ ಒಂಬತ್ತೂವರೆಗೆ ಕಾಲೇಜು. ಸಂಜೆ ಜಿಮ್‌ನಲ್ಲಿ ಭಾರ ಎತ್ತಿದ ಕಾಲುಗಳ ಮೇಲೆಯೇ ಏಳರ ಲೋಕಲ್‌ನಲ್ಲಿ ಒಂದು ಗಂಟೆ ನಿಲ್ಲಬೇಕು. ಊಟ ಮಾಡಿ ಮಲಗುವಾಗ ಹತ್ತು.

ಕೂಡಿಸಿದರೆ ನಿದ್ದೆ ಆರು ಗಂಟೆಗೂ ಕಡಿಮೆ. ಈ ವಯಸ್ಸಿನ ಓಟಗಾರರಿಗೆ ಎಂಟರಿಂದ ಒಂಬತ್ತು ಗಂಟೆ ಬೇಕು. 300 ಮೀಟರನ್ನು ನಾಲ್ಕು ಸಲ ವೇಗವಾಗಿ ಓಡಿದ ಮೈ ಸುಧಾರಿಸಿಕೊಳ್ಳುವುದು ನಿದ್ದೆಯಲ್ಲೇ. ಅದು ಸಿಗದಿದ್ದರೆ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನುದ್ದಕ್ಕೂ ನೋವು ಶುರುವಾಗುತ್ತದೆ. ಅದನ್ನು ಲೆಕ್ಕಿಸದೆ ಓಡುತ್ತಲೇ ಇದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟು ಇಡೀ ಸೀಸನ್ನೇ ಕೈತಪ್ಪಬಹುದು. ಹಾಗಾಗಿ ದೂರವನ್ನು ಮನೆಯಿಂದ ಕಾಲೇಜಿಗೆ ಅಳೆದರೆ ಸಾಲದು. ಹಾಸಿಗೆ, ಟ್ರ್ಯಾಕ್, ತರಗತಿ, ಊಟದ ತಟ್ಟೆ, ಈ ನಾಲ್ಕರ ನಡುವೆ ದಿನಕ್ಕೆ ಎಷ್ಟು ಗಂಟೆ ಹೋಗುತ್ತದೆ ಎಂದು ನೋಡಬೇಕು. ಈ ಲೆಕ್ಕದಲ್ಲಿ ಮತ್ಸ್ಯಗಂಧ ರೈಲಿನಲ್ಲಿ ಒಂದು ರಾತ್ರಿ ಕಳೆದು ಸೇರುವ ಊರಿನ ಹಾಸ್ಟೆಲ್ಲೇ ಎಷ್ಟೋ ಸಲ ಹತ್ತಿರವಾಗುತ್ತದೆ. ಪುಣೆಯ ಬಾಲೇವಾಡಿ ಕ್ರೀಡಾ ಸಂಕುಲದ ಆಸುಪಾಸಿನಲ್ಲಿ ವಸತಿ ಸಿಕ್ಕರೆ ಅದೂ ಒಳ್ಳೆಯ ನಡುದಾರಿ. ಮಳೆಯ ಕಾಟವೂ ಅಲ್ಲಿ ಮುಂಬಯಿ, ಮೂಡುಬಿದಿರೆಗಳಷ್ಟಿಲ್ಲ.

ಆದರೆ ಕಬಡ್ಡಿ ಆಡುವ ಹುಡುಗನಿಗೆ ನಾನು ಮುಂಬಯಿ ಬಿಡು ಎನ್ನಲಾರೆ. ಲಾಲ್‌ಬಾಗ್, ಪರೇಲ್‌ನ ಮಂಡಳಗಳಲ್ಲಿ ಸಿಗುವ ಪಂದ್ಯಗಳ ಅನುಭವ ಹಾಸ್ಟೆಲ್ಲಿನಲ್ಲಿ ಸಿಗುವುದಿಲ್ಲ. ಜಾವೆಲಿನ್, ಟ್ರಿಪಲ್ ಜಂಪ್‌ನವರು ಹನ್ನೆರಡನೇ ವಯಸ್ಸಿನಿಂದ ತಿದ್ದಿದ ಕೋಚ್ ಇಲ್ಲೇ ಇದ್ದರೆ ಇಲ್ಲೇ ಇರುವುದು ಲೇಸು. ಹೊಸ ಕೋಚ್ ಓಟದ ಹೆಜ್ಜೆಗಳನ್ನು ಮೊದಲಿನಿಂದ ಬದಲಿಸಲು ಹೊರಟರೆ ಒಂದು ವರ್ಷ ಅದಕ್ಕೇ ಹೋಗುತ್ತದೆ. ವಲಯವನ್ನೂ ನೋಡಿಕೊಳ್ಳಬೇಕು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಮುಂಬಯಿ, ಪುಣೆ, ಗೋವಾ ಪಶ್ಚಿಮ ವಲಯಕ್ಕೆ ಸೇರಿದರೆ ಮಂಗಳೂರು ದಕ್ಷಿಣಕ್ಕೆ. ವಾಲಿಬಾಲ್‌ನಲ್ಲಿ ದಕ್ಷಿಣವೆಂದರೆ ತಮಿಳುನಾಡು, ಕೇರಳದ ತಂಡಗಳನ್ನು ದಾಟಿ ಬರಬೇಕು.

ಬಲಿಷ್ಠ ಕಾಲೇಜಿನಲ್ಲಿ ಇನ್ನೊಂದು ತೊಡಕಿದೆ. ಒಂದು ಸ್ಪರ್ಧೆಗೆ ಒಂದು ಕಾಲೇಜಿನಿಂದ ಕೆಲವರಿಗಷ್ಟೇ ಅವಕಾಶ. ನಿಮ್ಮದೇ ಸ್ಪರ್ಧೆಯಲ್ಲಿ ಅಲ್ಲಿ ಈಗಾಗಲೇ ಎಷ್ಟು ಮಂದಿ ಇದ್ದಾರೆ, ಅವರ ಸಮಯ ಎಷ್ಟು ಎಂದು ನೇರವಾಗಿ ಕೇಳಿ. ಮೆಸ್‌ನ ವಾರದ ಪಟ್ಟಿಯನ್ನೂ ಕೇಳಿ. 60 ಕಿಲೋ ತೂಕದ ಓಟಗಾರ್ತಿಗೆ ದಿನಕ್ಕೆ 90 ಗ್ರಾಮಿನಷ್ಟು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಅನ್ನ, ಸಾರಿನ ಜೊತೆ ಎರಡು ಮೊಟ್ಟೆ ಕೊಟ್ಟು 'ಕ್ರೀಡಾಪಟುಗಳ ಊಟ' ಎಂದರೆ ಒಪ್ಪಬೇಡಿ.

ಮುಂಬಯಿಯಲ್ಲೇ ಉಳಿಯುವವರು ಜಿಮ್‌ಖಾನಾದೊಂದಿಗೆ, ಅಂದರೆ ಕಾಲೇಜಿನ ಕ್ರೀಡಾ ವಿಭಾಗದೊಂದಿಗೆ, ಸಂಬಂಧ ಚೆನ್ನಾಗಿಟ್ಟುಕೊಳ್ಳಬೇಕು. ಇಲ್ಲಿ 75 ಶೇಕಡಾ ಹಾಜರಿ ಕಡ್ಡಾಯ. ಕೂಟಕ್ಕೆ ಹೋಗುವ ಮೊದಲೇ ಜಿಮ್‌ಖಾನಾದ ಪತ್ರ ಪ್ರತಿ ವಿಷಯದ ಅಧ್ಯಾಪಕರ ಕೈ ಸೇರಿರಬೇಕು. ಬಂದ ಮೇಲೆ ಕೊಟ್ಟ ಪತ್ರಕ್ಕೆ ಸಹಿ ಬೀಳುವುದು ಕಷ್ಟ. ಅಂತರ ಕಾಲೇಜು ಪಂದ್ಯಗಳೂ ಮೊದಲ ಸೆಮಿಸ್ಟರಿನ ಪರೀಕ್ಷೆಯೂ ಒಟ್ಟಿಗೆ ಬರುವ ಅಕ್ಟೋಬರ್, ನವೆಂಬರ್‌ನಲ್ಲೇ ಹೆಚ್ಚಿನವರಿಗೆ ಎಟಿಕೆಟಿ (ಫೇಲಾದ ವಿಷಯವನ್ನು ಬಾಕಿ ಉಳಿಸಿಕೊಂಡು ಮುಂದುವರಿಯುವುದು) ಬೀಳುವುದು.

ಹೊರಡುವವರು ಎರಡು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯಬೇಕು: ಉಚಿತ ಸೀಟು ಮೂರು ವರ್ಷಕ್ಕೋ ಅಥವಾ ಪ್ರತಿ ವರ್ಷ ನವೀಕರಣವೋ, ಗಾಯವಾಗಿ ಒಂದು ಸೀಸನ್ ಪದಕ ಬರದಿದ್ದರೆ ಶುಲ್ಕ, ಚಿಕಿತ್ಸೆ ಯಾರ ಪಾಲಿಗೆ. ಮುಂದೆ ಕರ್ನಾಟಕದ ಪರ ಓಡುವ ಯೋಚನೆಯಿದ್ದರೆ ಮಹಾರಾಷ್ಟ್ರದ ಅಥ್ಲೆಟಿಕ್ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಅದನ್ನು ಸ್ಪರ್ಧೆಯ ತಿಂಗಳಲ್ಲಿ ಓಡಾಡಿ ತರುವ ಬದಲು ಹೊರಡುವ ಮೊದಲೇ ಕೇಳಿಡಿ. ಪದಕಗಳ ಮೂಲ ಪ್ರಮಾಣಪತ್ರಗಳನ್ನು ಪ್ರವೇಶದ ವೇಳೆ ಕಾಲೇಜಿಗೆ ಒಪ್ಪಿಸಬೇಕಾಗಿ ಬಂದರೆ ಒಂದೊಂದನ್ನೂ ಹೆಸರಿಸಿದ ರಸೀದಿ ಪಡೆಯದೆ ಕೌಂಟರ್ ಬಿಡಬೇಡಿ.