ಸ್ವಿಂಗ್ ಮುಟ್ಟದೆ ಸ್ಕೋರ್ ಇಳಿಸುವ ಲೆಕ್ಕ

ಗಾಲ್ಫ್‌ನಲ್ಲಿ ಪಾರ್ (ನಿಗದಿಯಾದ ಹೊಡೆತಗಳ ಲೆಕ್ಕ) 72ರ ಕೋರ್ಸಿನಲ್ಲಿ ಹದಿನೆಂಟೂ ಹೋಲ್‌ಗಳಿಗೆ ಬೋಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಹೆಚ್ಚು, ಆಡಿದರೆ ಸ್ಕೋರ್ 90. ನೂರರ ಆಸುಪಾಸಿನಲ್ಲಿ ಆಡುವವರ ಕಾರ್ಡ್ ತೆಗೆದು ನೋಡಿದರೆ ಆ ಮಿಕ್ಕ ಹತ್ತು ಹೊಡೆತ ಬಹುಪಾಲು ನಾಲ್ಕೈದು ಹೋಲ್‌ಗಳಲ್ಲಿ ಬಿದ್ದ 7, 8ಗಳಲ್ಲೇ ಸಿಗುತ್ತವೆ. ಒಂದು 8ರ ಬೆನ್ನು ಹತ್ತಿ ಹೋದರೆ ಮೊದಲ ಹೊಡೆತ ಕೆಟ್ಟದ್ದು ನಿಜ, ಆದರೆ ಹೋಲ್ ಹಾಳಾದದ್ದು ಅದನ್ನು ತುಂಬಿಕೊಳ್ಳಲು ಹೋಗಿ ಹೊಡೆದ ಎರಡನೆಯದರಿಂದ.

ಒಂದು ಹೋಲ್ ತೆಗೆದುಕೊಳ್ಳೋಣ. 395 ಯಾರ್ಡಿನ ಪಾರ್ 4, ಗ್ರೀನಿನ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ನೀರು. ಡ್ರೈವ್, ಅಂದರೆ ಮೊದಲ ಹೊಡೆತ, 200 ಯಾರ್ಡ್ ಹೋಗಿದೆ, 195 ಉಳಿದಿದೆ, ನೀರು ದಾಟಲು 180 ಹಾರಬೇಕು. ಬ್ಯಾಗಿನಿಂದ ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) 3 ವುಡ್ ಹೊರಬರುತ್ತದೆ. ನಡುಮಧ್ಯಕ್ಕೆ ತಾಗಿದರೆ ಅದು 185 ಹಾರುತ್ತದೆ, ಹಾಗೆ ತಾಗುವುದು ಐದರಲ್ಲಿ ಒಂದು ಸಲ. ನೀರಿಗೆ ಬಿದ್ದರೆ ದಂಡ ಸೇರಿ ಮೂರು ಮುಗಿಯಿತು, ನಾಲ್ಕನೆಯದು ಮತ್ತೆ ಅದೇ ನೀರಿನ ಮೇಲಿಂದ, ಆಮೇಲೆ ಎರಡು ಪಟ್ (ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಹೊಡೆತ). ಒಟ್ಟು 6, ಅದೂ ಮುಂದೆಲ್ಲ ಸರಿಹೋದರೆ. ಬದಲಿಗೆ ಮಧ್ಯಮ ದೂರದ ಕ್ಲಬ್ 8 ಐರನ್‌ನಲ್ಲಿ 120 ಹೊಡೆದು, ಉಳಿದ 75 ಯಾರ್ಡಿಗೆ ಹತ್ತಿರದ ಹೊಡೆತದ ಕ್ಲಬ್ ವೆಜ್ ಹಿಡಿದರೆ ಎರಡು ಪಟ್ ಸೇರಿ 5. ಸರಿ, 3 ವುಡ್ ನೀರು ದಾಟಿತು ಅಂತಲೇ ಇಟ್ಟುಕೊಳ್ಳಿ. ಚೆಂಡು ಹೆಚ್ಚಾಗಿ ನಿಲ್ಲುವುದು ಗ್ರೀನಿನ ಪಕ್ಕದ ಹುಲ್ಲಿನಲ್ಲಿ. ಒಂದು ಚಿಪ್ (ಗ್ರೀನಿನ ಪಕ್ಕದಿಂದ ಚಿಕ್ಕ ಹೊಡೆತ), ಎರಡು ಪಟ್, ಆಗಲೂ 5! ಗೆದ್ದರೂ ಬಹುತೇಕ ಅಷ್ಟೇ ಸಿಗುವ ಜೂಜು ಇದು.

ಹಾಗಂತ ಅತಿ ದೂರ ಹೊಡೆಯುವ ಡ್ರೈವರ್ ಅನ್ನು ಬ್ಯಾಗಿನಲ್ಲೇ ಬಿಟ್ಟು ಎಲ್ಲ ಟೀಯಿಂದಲೂ (ಹೋಲ್ ಶುರುವಾಗುವ ಜಾಗ) 5 ಐರನ್ ಹೊಡೆಯುವುದು ಜಾಣತನವಲ್ಲ. ಎಷ್ಟೋ ಜನ ಇದನ್ನೇ ಸ್ಟ್ರಾಟಜಿ ಅಂದುಕೊಂಡಿದ್ದಾರೆ. ಐರನ್ ಅವರಿಗೆ ಡ್ರೈವರ್‌ಗಿಂತ ತೀರಾ ನೇರವಾಗಿಯೇನೂ ಹೋಗುವುದಿಲ್ಲ, ಐವತ್ತು ಯಾರ್ಡ್ ಮಾತ್ರ ಕೈಬಿಡುತ್ತದೆ. ದಂಡ ಬೀಳುವ ಜಾಗ, ಅಂದರೆ ನೀರು ಅಥವಾ ಬಿಳಿ ಗೂಟಗಳಾಚೆಯ ಔಟ್ ಆಫ್ ಬೌಂಡ್ಸ್, ನಿಮ್ಮ ಡ್ರೈವ್ ಹರಡುವ ಅಗಲದೊಳಗೆ ಬಂದಾಗ ಮಾತ್ರ ಕಡಿಮೆ ದೂರದ ಕ್ಲಬ್ ಹಿಡಿಯಿರಿ. ಬರೀ ರಫ್ (ಉದ್ದ ಹುಲ್ಲು) ಇದ್ದರೆ ಡ್ರೈವರ್ರೇ ಸರಿ.

ಆ ಅಗಲ ಎಷ್ಟು ಅಂತ ಗೊತ್ತಿರಬೇಕು. ಅಭ್ಯಾಸದ ರೇಂಜಿನಲ್ಲಿ ಒಂದೇ ಗುರಿ ಇಟ್ಟು 20 ಚೆಂಡು ಹೊಡೆದು, ತೀರಾ ಎಡಕ್ಕೆ ಹೋದದ್ದರಿಂದ ತೀರಾ ಬಲಕ್ಕೆ ಹೋದದ್ದರವರೆಗೆ ಅಂದಾಜು ಮಾಡಿ. ಡ್ರೈವರ್‌ಗೆ 60 ಯಾರ್ಡ್ ಬಂದರೆ ಗಾಬರಿ ಬೇಡ, ಹವ್ಯಾಸಿಗಳಿಗೆ ಅದು ಮಾಮೂಲು. ಗುರಿ ಇಡಬೇಕಾದದ್ದು ಈ ಹರವಿನ ನಡುವನ್ನು ನೋಡಿ. ಬಲಗೈ ಆಟಗಾರನಿಗೆ ಸ್ಲೈಸ್ (ಚೆಂಡು ಬಲಕ್ಕೆ ತಿರುಗುವುದು) ಇದ್ದು ಚೆಂಡುಗಳ ಸರಾಸರಿ 20 ಯಾರ್ಡ್ ಬಲಕ್ಕೆ ಬೀಳುತ್ತಿದ್ದರೆ, ಟೀಯಿಂಗ್ ಏರಿಯಾದ ಬಲ ಅಂಚಿನಲ್ಲಿ ಟೀ ಕಡ್ಡಿ ಚುಚ್ಚಿ ಫೇರ್‌ವೇಯ (ಗ್ರೀನಿನತ್ತ ಸಾಗುವ ಗಿಡ್ಡ ಹುಲ್ಲಿನ ಹಾದಿ) ಎಡ ಅಂಚಿಗೆ ಗುರಿ ಹಿಡಿಯಬೇಕು. ನಡುವಿಗೇ ಗುರಿ ಹಿಡಿದು, ಇವತ್ತಾದರೂ ನೇರ ಹೋಗಲಿ ಅಂತ ಬೇಡಿಕೊಳ್ಳುವವರೇ ಜಾಸ್ತಿ.

ಗ್ರೀನಿಗೆ ಹೊಡೆಯುವಾಗ ಬಾವುಟವನ್ನು ಮರೆತು ಗ್ರೀನಿನ ನಡುವಿನ ದೂರ ತೆಗೆದುಕೊಳ್ಳಿ. ಕ್ಲಬ್ ಆರಿಸಬೇಕಾದದ್ದು ಅದು ಸಾಧಾರಣವಾಗಿ ಹಾರುವ ದೂರದ ಮೇಲೆ. ‘ನನ್ನ 7 ಐರನ್ 150’ ಅನ್ನುವವರು ಹೇಳುತ್ತಿರುವುದು ಗಾಳಿ ಬೆನ್ನಿಗಿದ್ದ, ಗಟ್ಟಿ ನೆಲದ ಮೇಲೆ ಉರುಳಿದ ಒಂದು ಹೊಡೆತದ ಕಥೆ. ಸಾಮಾನ್ಯ ಹೊಡೆತ 135 ಹಾರುತ್ತದೆ, ಚೆಂಡು ಮುಂದಿನ ಬಂಕರಿಗೆ (ಮರಳುಗುಂಡಿ) ಬೀಳುತ್ತದೆ. ಹವ್ಯಾಸಿಗಳ ತಪ್ಪು ಹೊಡೆತಗಳಲ್ಲಿ ಬಹುಪಾಲು ಗಿಡ್ಡ ಬೀಳುವಂಥವೇ. ತೊಂದರೆ ಮುಂದಿದ್ದರೆ ಒಂದು ಕ್ಲಬ್ ಹೆಚ್ಚು, ಅಂದರೆ ಇನ್ನಷ್ಟು ದೂರ ಹೊಡೆಯುವ ಕ್ಲಬ್, ಎದುರು ಗಾಳಿಯಿದ್ದರೆ ಇನ್ನೊಂದು.

ಮರಗಳ ನಡುವೆ ಚೆಂಡು ಸಿಕ್ಕಿದಾಗ ಎರಡು ಮೀಟರ್ ಸಂದಿಯೊಂದು ಕಣ್ಣಿಗೆ ಬೀಳುತ್ತದೆ. ಅತ್ತ ನೋಡಬೇಡಿ. ಅತಿ ಅಗಲವಾದ ದಾರಿ ಪಕ್ಕಕ್ಕಿರಲಿ, ಹಿಂದಕ್ಕೇ ಇರಲಿ, ಚೆಂಡನ್ನು ಹಿಂಗಾಲಿನ ಕಡೆ ಇಟ್ಟುಕೊಂಡು 6 ಐರನ್‌ನಲ್ಲಿ ಅರ್ಧ ಸ್ವಿಂಗ್ ಮಾಡಿ ಫೇರ್‌ವೇಗೆ ಬನ್ನಿ. ಪೊದೆಯಡಿ ಸಿಕ್ಕಿದ್ದರೆ ಅನ್‌ಪ್ಲೇಯಬಲ್ (ಆಡಲಾಗದ ಚೆಂಡು) ಅಂತ ಹೇಳಿ ಒಂದು ದಂಡ ತೆಗೆದುಕೊಳ್ಳುವುದು, ಎರಡು ಸಲ ಕೊಚ್ಚಿ ನೋಡುವುದಕ್ಕಿಂತ ಅಗ್ಗ. ಚೆಂಡು ಇದ್ದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಡ್ರಾಪ್ ಮಾಡಬಹುದು. ಅಳೆಯುವುದು ಪಟರ್ ಬಿಟ್ಟು ಬ್ಯಾಗಿನ ಅತಿ ಉದ್ದದ ಕ್ಲಬ್ಬಿನಿಂದ, ಅಂದರೆ ಸಾಮಾನ್ಯವಾಗಿ ಡ್ರೈವರ್‌ನಿಂದ. ಬಂಕರಿನಿಂದ ಹೊರಬರಲು ಮೂರು ಮೂರು ಹೊಡೆತ ಹಾಕುವವರಿಗೆ 2019ರ ನಿಯಮಗಳಲ್ಲಿ ಇನ್ನೊಂದು ದಾರಿ ಸಿಕ್ಕಿತು: ಎರಡು ದಂಡ ತೆತ್ತು, ಹೋಲ್ ಮತ್ತು ಚೆಂಡಿನ ನೇರಕ್ಕೆ ಹಿಂದೆ, ಬಂಕರಿನ ಹೊರಗೆ ಡ್ರಾಪ್. ಇನ್ನು ಚೆಂಡು ಕಳೆದಿರಬಹುದೆಂಬ ಅನುಮಾನ ಬಂದರೆ ಹುಡುಕಲು ಹೊರಡುವ ಮೊದಲೇ ಪ್ರೊವಿಷನಲ್ (ತಾತ್ಕಾಲಿಕ ಚೆಂಡು) ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆಯಿರಿ. ಹುಡುಕಲು ಸಿಗುವುದು ಮೂರೇ ನಿಮಿಷ.

ಗ್ರೀನಿನ ಸುತ್ತ ನಿಯಮ ಒಂದೇ, ಮುಂದಿನ ಹೊಡೆತ ಪಟ್ ಆಗಿರಬೇಕು. ಹುಲ್ಲು ಗಿಡ್ಡವಾಗಿದ್ದರೆ ಪಟರ್, ಇಲ್ಲವಾದರೆ 9 ಐರನ್ ಹಿಡಿದು ಗ್ರೀನಿನೊಳಗೆ ಒಂದು ಮೀಟರಿಗೆ ಬೀಳಿಸಿ ಉರುಳಲು ಬಿಡಿ. 60 ಡಿಗ್ರಿ ವೆಜ್‌ನಲ್ಲಿ ಎತ್ತಲು ಹೋದರೆ ಒಂದೋ ನೆಲ ಅಗೆಯುತ್ತೀರಿ, ಇಲ್ಲವೇ ಚೆಂಡಿನ ನೆತ್ತಿಗೆ ಬಡಿದು ಆಚೆ ದಾಟಿಸುತ್ತೀರಿ.

ಪಟ್ಟಿಂಗಿನಲ್ಲಿ 8 ಅಡಿಯಿಂದ ಅಮೆರಿಕದ ವೃತ್ತಿಪರ ಪಿಜಿಎ ಟೂರ್ ಆಟಗಾರರೇ ಹೋಲಿಗೆ ಹಾಕುವುದು ಅರ್ಧದಷ್ಟು. ಟಿವಿಯಲ್ಲಿ ಕಾಣುವುದು ಆ ವಾರ ಕೈ ಚೆನ್ನಾಗಿರುವವರ ಆಟವಾದ್ದರಿಂದ ಅದಕ್ಕಿಂತ ಸುಲಭ ಅನಿಸುತ್ತದೆ. ಹವ್ಯಾಸಿಯ ಮೂರು ಪಟ್‌ಗಳು ಬರುವುದು 30 ಅಡಿ, ಅದರಾಚೆಯಿಂದ, ಕಾರಣ ದಿಕ್ಕಿಗಿಂತ ದೂರ. ಅಷ್ಟು ದೂರದಿಂದ ಸಾಲು ತಪ್ಪಿದರೆ ಒಂದೆರಡು ಅಡಿ, ವೇಗ ತಪ್ಪಿದರೆ ಏಳೆಂಟು ಅಡಿ. ಆಟಕ್ಕೆ ಮುಂಚಿನ ಹತ್ತು ನಿಮಿಷವನ್ನು 20, 30, 40 ಅಡಿಯ ಪಟ್‌ಗಳಿಗೆ ಕೊಡಿ, ಮೂರು ಅಡಿಯೊಳಗೆ ನಿಂತರೆ ಸಾಕು.

ಟೀ ಆರಿಸುವ ಲೆಕ್ಕವೂ ಸರಳ. 5 ಐರನ್‌ನ ಸರಾಸರಿ ದೂರವನ್ನು 36ರಿಂದ ಗುಣಿಸಿ. 140 ಯಾರ್ಡ್ ಆದರೆ 5,040, ಕೋರ್ಸಿನ ಒಟ್ಟು ಉದ್ದ ಅದಕ್ಕೆ ಹತ್ತಿರವಾಗುವ ಟೀಯಿಂದ ಆಡಿ, ಜೊತೆಯವರು ಏನಾದರೂ ಅಂದುಕೊಳ್ಳಲಿ.

ಕಾರ್ಡಿನಲ್ಲಿ ಸ್ಕೋರಿನ ಕೆಳಗೆ ಇನ್ನು ನಾಲ್ಕು ಗುರುತು ಹಾಕಿ: ದಂಡ, ಮೂರು ಪಟ್, ಗ್ರೀನಿನ ಪಕ್ಕದಿಂದ ಎರಡು ಚಿಪ್, ತೊಂದರೆಯಿಂದ ಒಂದೇ ಏಟಿಗೆ ಹೊರಬರದದ್ದು. ನಾಲ್ಕೈದು ರೌಂಡ್ ಆದ ಮೇಲೆ ಯಾವ ಗುರುತು ಹೆಚ್ಚಿದೆಯೋ ಮುಂದಿನ ತಿಂಗಳ ಅಭ್ಯಾಸವೆಲ್ಲ ಅದಕ್ಕೆ.