ಬ್ಯಾಟರಿ ತುಂಬಿದೆ, ಫ್ರಿಜ್ ಮಾತ್ರ ಒಪ್ಪುತ್ತಿಲ್ಲ

ನಾವೇ ಕಟ್ಟಿದ ಕ್ಯಾಂಪರ್ ವ್ಯಾನಿನ ಫ್ರಿಜ್ಜಿನ ಕಾಟ ಮುಗಿಯಿತು. ಕಾರಣವೂ ಸಿಕ್ಕಿತು, ಸಾಕ್ಷಿ ಸಮೇತ. ಹಾಗಾಗಿ ಈ ಸಲ ಹಾಸಿಗೆಯ ಹಲಗೆ, ಪರದೆ, ಇನ್ಸುಲೇಶನ್ ಇವುಗಳ ಸುದ್ದಿ ಬೇಡ. ಅವೆಲ್ಲ ಎಲ್ಲರ ವ್ಯಾನಿನಲ್ಲಿ ಆಗುವ ಹಾಗೇ ಆದವು. ಎಷ್ಟು ಅಳೆದು ಕೊಯ್ದರೂ ಹಲಗೆ ಒಂದು ಬೆರಳು ಗಿಡ್ಡ, ಬಾಗಿಲು ಒಂದು ಬೆರಳು ಉದ್ದ. ಉಜ್ಜಿದೆವು, ತುಂಬಿದೆವು, ಮೇಲೆ ಪಾಲಿಶ್ ಹೊಡೆದೆವು. ಪಾಲಿಶ್ ನಮ್ಮ ಯಜಮಾನರ ಖಾತೆ, ಆ ವಿಷಯ ಕೊನೆಗೆ ಬರುತ್ತದೆ. ವೈರಿಂಗ್ ನನ್ನ ಖಾತೆ.

ಕ್ಯಾಂಪರ್ ಕಟ್ಟಿದ ಮೇಲೆ ನಾವು ನಾಲ್ವರೂ ಹೊರಟ ಮೊದಲ ವೀಕೆಂಡ್ ಇದು. ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಪಾಯಿಂಟ್ ಇರುವ ಜಾಗಗಳೂ ಖಾಲಿ ಇದ್ದವು. ಬೇಕೆಂದೇ ಇಲ್ಲದ ಜಾಗ ಹಿಡಿದೆವು. ನೂರು ಆಂಪಿಯರ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಬಿಡಿಸಿ ಇಡುವ ಸೋಲಾರ್ ಪ್ಯಾನೆಲ್, ಕರೆಂಟ್ ಅಳೆಯುವ ಶಂಟ್, ಮೊಬೈಲಿನಲ್ಲಿ ಶೇಕಡಾವಾರು ತೋರಿಸುವ ಆ್ಯಪ್, ಇಷ್ಟೆಲ್ಲ ಹಾಕಿದ ಮೇಲೂ ಬೇರೆಯವರ ಪ್ಲಗ್ಗಿಗೆ ಕೈ ಚಾಚುವುದೇ?

ಸಂಜೆಯವರೆಗೆ ಎಲ್ಲ ಚೆಂದ. ಮೇಲಿನ ಬಂಕ್ ಯಾರಿಗೆ ಎಂಬ ಜಗಳ, ನೆರಳಿನ ಬಟ್ಟೆ, ಅಂದರೆ ಆನಿಂಗ್ ಬಿಚ್ಚುವಾಗ ಯಜಮಾನರು ಮತ್ತು ಅದರ ಕಂಬ ನಡುವಿನ ಜಗಳ, ಎರಡೂ ಮುಗಿದವು. ದೀಪ ಆರಿಸಿ ಎಲ್ಲರೂ ಮಲಗಿದ ಮೇಲೆ ಶುರುವಾಯಿತು ನೋಡಿ. ಕಂಪ್ರೆಸರ್ ಗುರ್ರ್ ಅನ್ನುತ್ತದೆ, ನಿಲ್ಲುತ್ತದೆ, ಪೀಂ ಪೀಂ ಎಂದು ಕೂಗುತ್ತದೆ. ಕೆಲವು ನಿಮಿಷ ಸುಮ್ಮನಿದ್ದು ಮತ್ತೆ ಗುರ್ರ್, ಮತ್ತೆ ಪೀಂ ಪೀಂ. ಫ್ರಿಜ್ ಇರುವುದು ಹಿಂದುಗಡೆ, ಮಗಳ ತಲೆದಿಂಬಿನ ಪಕ್ಕದಲ್ಲಿ.

"ಅಮ್ಮಾ, ಇದಕ್ಕೆ ಏನೋ ಬೇಕಂತೆ."

ಅದಕ್ಕೆ ಬೇಕಿದ್ದದ್ದು ವೋಲ್ಟೇಜು. ಫ್ರಿಜ್ಜಿನ ಡಿಸ್‌ಪ್ಲೇ ಮೇಲೆ ಬ್ಯಾಟರಿ ಪ್ರೊಟೆಕ್ಷನ್ ಎರರ್. ಆ್ಯಪ್ ತೆಗೆದರೆ ಬ್ಯಾಟರಿ 82 ಪರ್ಸೆಂಟ್, 13.2 ವೋಲ್ಟ್. ನಮ್ಮ ಫ್ರಿಜ್‌ನಲ್ಲಿ ಮೂರು ಹಂತದ ಪ್ರೊಟೆಕ್ಷನ್ ಇದೆ. ನಡುವಿನದಕ್ಕೆ ಇಟ್ಟಿದ್ದೆ. ಅದು 11.4 ವೋಲ್ಟಿಗಿಂತ ಕೆಳಗಿಳಿದರೆ ಆಫ್ ಆಗುತ್ತದೆ, 12.2 ದಾಟಿದರೆ ಮತ್ತೆ ಆನ್. ತುಂಬಿದ ಬ್ಯಾಟರಿ ಇಟ್ಟುಕೊಂಡು ಫ್ರಿಜ್ ಹಸಿವು ಎನ್ನುತ್ತಿದೆ. ಎಲ್ಲಕ್ಕಿಂತ ಉರಿದದ್ದು ಇನ್ನೊಂದು ವಿಷಯಕ್ಕೆ. ಇದೇ ಫ್ರಿಜ್, ಇದೇ ವೈರು, ಮನೆ ಮುಂದೆ ದಿನಗಟ್ಟಲೆ ಓಡಿಸಿ ನೋಡಿದಾಗ ಒಂದು ಸದ್ದೂ ಎತ್ತಿರಲಿಲ್ಲ.

ಟಾರ್ಚ್ ಹಣೆಗೆ ಕಟ್ಟಿಕೊಂಡು ಮಲ್ಟಿಮೀಟರ್ ತೆಗೆದೆ. ಪ್ಲಗ್ ಕಿತ್ತು ಸಾಕೆಟ್ಟಿನಲ್ಲಿ ಅಳೆದರೆ 13.2. ಲೋಡ್ ಇಲ್ಲದ ವೈರು ಯಾವತ್ತೂ ಸತ್ಯ ಹೇಳುವುದಿಲ್ಲ. ಕೆಲಸ ಹೇಳದಿರುವಾಗ ಎಲ್ಲ ಮಕ್ಕಳೂ ಒಳ್ಳೆಯವರೇ. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು, ಅದೂ ಕಂಪ್ರೆಸರ್ ಏಳುವ ಆ ಕ್ಷಣದಲ್ಲಿ. ಮೀಟರನ್ನು ಕನಿಷ್ಠ-ಗರಿಷ್ಠ ನೆನಪಿಡುವ ಮಿನ್-ಮ್ಯಾಕ್ಸ್‌ಗೆ ಹಾಕಿ, ಪ್ರೋಬನ್ನು ಫ್ರಿಜ್‌ನ ಟರ್ಮಿನಲ್ಲಿಗೆ ಒತ್ತಿ ಹಿಡಿದು, ಹೊಟ್ಟೆ ಮೇಲೆ ಮಲಗಿ ಕಾದೆ. ಗುರ್ರ್. ಪೀಂ. ಮಿನ್ 11.1!

ಬ್ಯಾಟರಿಯಲ್ಲಿ 13.2, ಫ್ರಿಜ್ ಬಾಯಲ್ಲಿ 11.1. ನಡುವೆ ಎರಡು ವೋಲ್ಟ್ ಯಾರೋ ತಿನ್ನುತ್ತಿದ್ದಾರೆ. ಕಟ್ ಆದೊಡನೆ ಲೋಡ್ ಹೋಗಿ ವೋಲ್ಟೇಜ್ ಮತ್ತೆ 13.2ಕ್ಕೆ ಏರುತ್ತದೆ, ಫ್ರಿಜ್ ಖುಷಿಯಿಂದ ಮತ್ತೆ ಶುರು ಮಾಡುತ್ತದೆ, ಮತ್ತೆ ಕುಸಿತ. ರಾತ್ರಿಯಿಡೀ ಭಜನೆ.

ಮನೆ ಮುಂದೆ ಯಾಕೆ ಆಗಲಿಲ್ಲ ಎನ್ನುವುದಕ್ಕೂ ಅಲ್ಲೇ ಉತ್ತರ ಹೊಳೆಯಿತು. ಅಲ್ಲಿ ಯಾವಾಗಲೂ ಪ್ಯಾನೆಲ್ಲೋ ಚಾರ್ಜರ್ರೋ ಬ್ಯಾಟರಿಗೆ ಕೂತಿರುತ್ತಿತ್ತು. ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ 2.1 ಕಳೆದರೂ 11.9, ಫ್ರಿಜ್ ಬಚಾವು. ಸೂರ್ಯ ಮುಳುಗಿ 13.2ಕ್ಕೆ ಇಳಿದ ಮೇಲೆ ಗೆರೆ ದಾಟುತ್ತದೆ. ರಾತ್ರಿ ಮಾತ್ರ ಬರುವ ರೋಗ.

ಯಜಮಾನರು ಹೊದಿಕೆಯೊಳಗಿಂದಲೇ ಕೇಳಿದರು: "ಪ್ರೊಟೆಕ್ಷನ್ ಲೋ ಮಾಡಿದ್ರೆ ಆಗಲ್ವಾ?"

ಆಗುತ್ತದೆ. ಅದು ಲೆಡ್-ಆ್ಯಸಿಡ್ ಬ್ಯಾಟರಿ ಖಾಲಿಯಾಗಿ ಗಾಡಿ ಸ್ಟಾರ್ಟ್ ಆಗದಿರಬಾರದು ಎಂದು ಇಟ್ಟ ವ್ಯವಸ್ಥೆ. ನಮ್ಮದು ಬೇರೆಯೇ ಬ್ಯಾಟರಿ, ಅದನ್ನು ಕಾಯಲು ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇದೆ. ಆದರೆ ಹೋದ ವೋಲ್ಟು ಸುಮ್ಮನೆ ಹೋಗುವುದಿಲ್ಲ, ಎಲ್ಲೋ ಶಾಖವಾಗಿರುತ್ತದೆ. ಸಾಕೆಟ್ ಮುಟ್ಟಿದೆ. ಕೈ ಇಡಲಾಗಲಿಲ್ಲ. ಮಕ್ಕಳು ಮಲಗಿರುವ ಮರದ ಪೆಟ್ಟಿಗೆಯಲ್ಲಿ ಬಿಸಿ ಸಾಕೆಟ್ ಇಟ್ಟು, ಕೂಗುವ ಫ್ರಿಜ್ಜಿನ ಬಾಯಿ ಮುಚ್ಚಿಸಿ ನಿದ್ದೆ ಹೋಗುವ ಧೈರ್ಯ ನನಗಿಲ್ಲ.

ಇನ್ನು ವೋಲ್ಟ್ ಎಲ್ಲಿ ಹೋಯಿತು ಎಂಬ ಹುಡುಕಾಟ. ನಿಮಗೆ ಗೊತ್ತಿರುವ ಉಪಾಯವೇ. ಒಂದು ಪ್ರೋಬ್ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಉದ್ದ ವೈರು ಕಟ್ಟಿ ಸಾಕೆಟ್ಟಿನ ಪ್ಲಸ್ಸಿಗೆ. ಕಂಪ್ರೆಸರ್ ಓಡುತ್ತಿರುವಾಗ ಮೀಟರ್ ತೋರಿಸುವುದೇ ಆ ಕಡೆಯ ನಷ್ಟ. ಪ್ರೊಟೆಕ್ಷನ್ ಇಳಿಸಿ, ಅಳೆಯುವಷ್ಟು ಹೊತ್ತು ಮಾತ್ರ ಓಡಿಸಿದೆ. ಮಗಳು ಎದ್ದು ಬಂದು ನಾನು ಹೇಳಿದ್ದನ್ನೆಲ್ಲ ಡ್ರಾಯಿಂಗ್ ಪುಸ್ತಕದ ಹಿಂದೆ ಬರೆದುಕೊಂಡಳು. 5 ಆಂಪಿಯರ್ ಹರಿಯುವಾಗ ಪ್ಲಸ್ ವೈರಿನಲ್ಲಿ 0.33, ಮೈನಸ್‌ನಲ್ಲೂ 0.33, ಸಿಗರೇಟ್ ಲೈಟರ್ ಸಾಕೆಟ್ ಒಂದರಲ್ಲೇ 0.4. ಫ್ಯೂಸ್ ಹೋಲ್ಡರ್, ವೈರಿನ ತುದಿಯ ಲಗ್‌ಗಳೆಲ್ಲ ಲೆಕ್ಕಕ್ಕೇ ಇಲ್ಲ. ಏಳುವ ಗಳಿಗೆಯಲ್ಲಿ ಕ್ಲ್ಯಾಂಪ್ ಮೀಟರ್ 10 ಆಂಪಿಯರ್ ತೋರಿಸುತ್ತದೆ, ಎಲ್ಲವೂ ಇಮ್ಮಡಿ. ಒಟ್ಟು 2.1. ಲೆಕ್ಕ ಸರಿಹೋಯಿತು.

ಸಾಕೆಟ್ ಬಗ್ಗೆ ಆಶ್ಚರ್ಯವಿಲ್ಲ. ಸಿಗರೇಟ್ ಹಚ್ಚಲು ಮಾಡಿದ ತೂತಿನಲ್ಲಿ ಒಂದು ಸ್ಪ್ರಿಂಗು, ಒಂದು ಪುಟ್ಟ ಮೊಳೆ. ಇದಕ್ಕೆ ಗಂಟೆಗಟ್ಟಲೆ ಓಡುವ ಯಂತ್ರ ಸಿಕ್ಕಿಸಬೇಕೆಂದು ಫ್ರಿಜ್ ಮಾಡುವವರೆಲ್ಲ ಯಾಕೆ ಹಟ ಹಿಡಿದಿದ್ದಾರೋ! ನನಗೆ ನಿದ್ದೆ ಕೆಡಿಸಿದ್ದು ಆ 0.33. ನಾಲ್ಕು ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ವೈರು, ಒಂದು ಕಡೆಗೆ 6 ಮೀಟರ್. ತಾಮ್ರಕ್ಕೆ ಮೀಟರಿಗೆ, ಒಂದು ಸ್ಕ್ವೇರಿಗೆ 0.0172 ಓಮ್. ಗುಣಿಸಿ ಭಾಗಿಸಿದರೆ 0.026 ಓಮ್, 5 ಆಂಪಿಯರ್‌ಗೆ 0.13 ವೋಲ್ಟ್ ಬರಬೇಕು. ಬಂದದ್ದು ಅದರ ಎರಡೂವರೆ ಪಟ್ಟು. ಓಮ್‌ನ ನಿಯಮ ರಾತ್ರಿ ಹೊತ್ತು ಬದಲಾಗುವುದಿಲ್ಲ. ಹಾಗಾದರೆ ಇದು ನಾಲ್ಕು ಸ್ಕ್ವೇರ್ ಅಲ್ಲ, ಅಥವಾ ತಾಮ್ರವೇ ಅಲ್ಲ.

ನಾಲ್ಕು ಸ್ಕ್ವೇರೂ ಅಲ್ಲ, ತಾಮ್ರವೂ ಅಲ್ಲ ಎಂದು ಆಮೇಲೆ ತಿಳಿಯಿತು.

ಆ ರಾತ್ರಿಯ ಮಟ್ಟಿಗೆ ಪ್ಯಾನೆಲ್ಲಿನ ಉದ್ದ ಕೇಬಲ್ ಕೈಹಿಡಿಯಿತು. ಅದು ಆರು ಸ್ಕ್ವೇರಿನ ಟಿನ್ ಮಾಡಿದ (ತವರ ಲೇಪಿಸಿದ) ತಾಮ್ರ, ಕತ್ತಲಲ್ಲಿ ಅದಕ್ಕೇನೂ ಕೆಲಸವಿಲ್ಲ. ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿ, ಸೋಲಾರ್ ಕೇಬಲಿಗೆ ಕೂರುವ ಎಂಸಿ4 ಬಾಲಗಳನ್ನು ಜೋಡಿಸಿ, ಫ್ರಿಜ್ಜಿನ ಪ್ಲಗ್ ಕತ್ತರಿಸಿ ಹೆಚ್ಚು ಕರೆಂಟ್ ತಾಳುವ ಆ್ಯಂಡರ್ಸನ್ ಕನೆಕ್ಟರ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ), ಕೇಬಲನ್ನು ನಡುದಾರಿಯಲ್ಲಿ ಟೇಪ್ ಹಾಕಿ ಅಂಟಿಸಿದೆ. ಪ್ಲಗ್ ಕತ್ತರಿಸುವಾಗ ಯಜಮಾನರು "ವಾರಂಟಿ..." ಎಂದು ಶುರು ಮಾಡಿ, ನನ್ನ ಮುಖ ನೋಡಿ, ಮಾತು ನುಂಗಿದರು. ಫ್ರಿಜ್ ಎದ್ದಿತು, ಓಡಿತು, ಕೂಗಲಿಲ್ಲ. ಅಷ್ಟರಲ್ಲಿ ಒಳಗೆ 9 ಡಿಗ್ರಿಗೆ ಏರಿತ್ತು, ಬೆಳಗಾಗುವ ಹೊತ್ತಿಗೆ ಮತ್ತೆ 4. ಹಾಲು ಉಳಿಯಿತು.

ಬೆಳಿಗ್ಗೆ ಹೊಸ ತಕರಾರು. ಇರುವುದೊಂದೇ ಕೇಬಲ್, ಈಗ ಪ್ಯಾನೆಲ್ಲಿಗೆ ಏನು? ಪ್ಯಾನೆಲ್ಲನ್ನು ತಂದು ಬ್ಯಾಟರಿ ಇರುವ ಬಾಗಿಲಿಗೇ ಒರಗಿಸಿದೆವು. ಆ ವೀಕೆಂಡಿನ ಉಳಿದ ಹೊತ್ತೆಲ್ಲ ವ್ಯಾನಿನೊಳಗೆ ಹೋಗುವವರು ಪ್ಯಾನೆಲ್ ದಾಟಿ, ಕೇಬಲ್ ಎಡವಿ ಹೋದರು. ಮಗ ಇದನ್ನೂ ಒಂದು ಆಟ ಮಾಡಿಕೊಂಡ. ಎಡವಿದವರು ಪಾತ್ರೆ ತೊಳೆಯಬೇಕು ಎಂಬ ನಿಯಮ ಅವನದೇ, ಹೆಚ್ಚು ತೊಳೆದವನೂ ಅವನೇ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಉಳಿದ ವೈರಿನ ಸುರುಳಿಯಿಂದ ಒಂದು ಮೀಟರ್ ಕತ್ತರಿಸಿ ಸುಲಿದು ಅಡುಗೆಮನೆ ತಕ್ಕಡಿಯ ಮೇಲಿಟ್ಟದ್ದು. ನಾಲ್ಕು ಸ್ಕ್ವೇರ್ ತಾಮ್ರ ಒಂದು ಮೀಟರಿಗೆ ಸುಮಾರು 36 ಗ್ರಾಂ ತೂಗಬೇಕು. ತಕ್ಕಡಿ ತೋರಿಸಿದ್ದು 8. ತಪ್ಪೇನೋ ಎಂದು ಮಗಳ ಪೆನ್ಸಿಲ್ ಇಟ್ಟು ತಕ್ಕಡಿಯನ್ನೇ ಪರೀಕ್ಷೆ ಮಾಡಿದೆ, ತಕ್ಕಡಿ ಸರಿಯಿದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಮೇಲೆ ಕೆಂಪು, ಒಳಗೆ ಬೆಳ್ಳಗೆ. ಸಿಸಿಎ! ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಲೇಪ. ಟಿನ್ ಮಾಡಿದ ತಾಮ್ರ ಇದಕ್ಕೆ ಉಲ್ಟಾ, ಹೊರಗೆ ಬಿಳಿ, ಕೆರೆದರೆ ಕೆಂಪು. ಎಳೆಗಳ ದಪ್ಪ ಅಳೆದು ಲೆಕ್ಕ ಹಾಕಿದರೆ ಅದು ನಾಲ್ಕೂ ಅಲ್ಲ, ಎರಡೂವರೆ ಸ್ಕ್ವೇರ್. ಉಳಿದ ದಪ್ಪವೆಲ್ಲ ಪ್ಲಾಸ್ಟಿಕ್ ಹೊದಿಕೆ. ಎರಡೂವರೆ ಸ್ಕ್ವೇರ್ ಸಿಸಿಎ ಎಂದು ಹಿಡಿದು ಲೆಕ್ಕ ಮಾಡಿದರೆ ಹೆಚ್ಚುಕಡಿಮೆ ಅದೇ 0.33 ಬರುತ್ತದೆ.

ಸುರುಳಿಯ ಮೇಲೆ ಮಾತ್ರ ದೊಡ್ಡಕ್ಷರದಲ್ಲಿ "ಶುದ್ಧ ತಾಮ್ರ, 4 ಸ್ಕ್ವೇರ್". ಮಾರಿದವರಿಗೆ ತಕ್ಕಡಿಯ ಫೋಟೋ ಕಳಿಸಿದೆ. ಬಂದ ಉತ್ತರ: "ಮೇಡಂ, ಕರೆಂಟ್ ಹೋಗ್ತಾ ಇದೆ ತಾನೆ?" ಹೋಗ್ತಾ ಇದೆ ಸ್ವಾಮಿ, ಎಲ್ಲಿಗೆ ಹೋಗ್ತಾ ಇದೆ ಅನ್ನೋದೇ ಪ್ರಶ್ನೆ. ಕತ್ತರಿಸಿದ ಮಾಲು ವಾಪಸ್ ಇಲ್ಲವಂತೆ. ಕತ್ತರಿಸದೆ ಒಳಗೆ ಏನಿದೆ ಎಂದು ನೋಡುವ ವಿದ್ಯೆಯನ್ನು ಅವರೇ ಹೇಳಿಕೊಡಲಿ. ಇನ್ನು ಮುಂದೆ ಯಾವ ಸುರುಳಿ ಬಂದರೂ ಮೊದಲು ಬ್ಲೇಡು, ಆಮೇಲೆ ತಕ್ಕಡಿ, ಕೊನೆಗೆ ದುಡ್ಡು.

ಫ್ರಿಜ್ಜಿಗೆ ಈಗ ಆರು ಸ್ಕ್ವೇರಿನ ಟಿನ್ ಮಾಡಿದ ವೈರು ನೇರವಾಗಿ ಹೋಗಿದೆ, ಸಾಕೆಟ್ ಕಸದ ಬುಟ್ಟಿಗೆ. ಏಳುವ ಗಳಿಗೆಯಲ್ಲೂ ವೈರಿನ ನಷ್ಟ 0.35 ದಾಟುವುದಿಲ್ಲ. ಚಾರ್ಜರ್ ಕಿತ್ತು, ಪ್ಯಾನೆಲ್ ಮಡಚಿ, ರಾತ್ರಿಯಿಡೀ ಓಡಿಸಿ ನೋಡಿದೆ. ಪ್ರೊಟೆಕ್ಷನ್ ನಡುವಿನ ಹಂತದಲ್ಲೇ ಇದೆ, ಚಕಾರವಿಲ್ಲ. ಸಂಜೆಯಿಂದ ಬೆಳಗಿನವರೆಗೆ ಹೋದದ್ದು 20 ಆಂಪಿಯರ್-ಅವರ್ ಆಸುಪಾಸು. ಎರಡು ರಾತ್ರಿಗೆ ಪ್ಯಾನೆಲ್ ಇಲ್ಲದೆಯೂ ಧಾರಾಳ.

ಈ ನಡುವೆ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿದೆ. ಫ್ರಿಜ್ ಕೂಗುವ ಮೊದಲೇ ನನಗೆ ತಿಳಿಯಬೇಕು. ಇಎಸ್‌ಪಿ32 ಎಂಬ ಒಂದು ಪುಟ್ಟ ಕಂಪ್ಯೂಟರ್ ಚಿಪ್ಪು, ಫ್ರಿಜ್ ತುದಿಯ ವೋಲ್ಟೇಜು ಮತ್ತು ಕರೆಂಟು ಓದಲು ಐಎನ್‌ಎ226 ಚಿಪ್ಪು, ಒಳಗಿನ ತಾಪಕ್ಕೆ ಡಿಎಸ್18ಬಿ20 ಸೆನ್ಸರ್. ಬ್ಯಾಟರಿಗೂ ಫ್ರಿಜ್ಜಿಗೂ ನಡುವಿನ ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ದೀಪ ಹತ್ತಬೇಕು. ದೀಪ ಬೇಡ, ಅದು ಮಾತಾಡಬೇಕು ಎನ್ನುತ್ತಾಳೆ ಮಗಳು, "ಅಮ್ಮಾ, ನನಗೆ ಸುಸ್ತು" ಎನ್ನಬೇಕಂತೆ, ಅವಳದೇ ದನಿಯಲ್ಲಿ. ಒಂದು ಪುಟ್ಟ ಎಂಪಿ3 ಮಾಡ್ಯೂಲ್ ಸೇರಿಸಿದರೆ ಆಗದ ಮಾತೇನಲ್ಲ. ನಡುರಾತ್ರಿ ಕ್ಯಾಂಪ್‌ಗ್ರೌಂಡ್‌ನಲ್ಲಿ ಫ್ರಿಜ್ ಹಾಗೆ ನರಳಿದರೆ ಪಕ್ಕದವರು ಏನು ತಿಳಿದುಕೊಂಡಾರು ಎಂಬುದೊಂದೇ ಯೋಚನೆ. ಡಿಎಸ್18ಬಿ20ನಲ್ಲೂ ನಕಲಿಗಳು ಬೇಕಾದಷ್ಟು, ಅವನ್ನು ಬ್ಲೇಡಿನಿಂದ ಕೆರೆದು ಗುರುತಿಸಲೂ ಆಗುವುದಿಲ್ಲ.

ಆದರೆ ಅದಕ್ಕೆ ಮೊದಲು ಇನ್ನೊಂದು ಕೆಲಸವಿದೆ. ಅದೇ ಸುರುಳಿಯ ವೈರು ನೀರಿನ ಪಂಪಿಗೂ ಮೇಲಿನ ಫ್ಯಾನಿಗೂ ಹೋಗಿದೆ, ಪಕ್ಕದ ಗೋಡೆಯ ಹಲಗೆಯ ಹಿಂದೆ. ಫ್ಯಾನ್ ಎಳೆಯುವುದು 2 ಆಂಪಿಯರ್, ಸ್ವಲ್ಪ ವೋಲ್ಟ್ ಕಡಿಮೆಯಾದರೂ ಗೊಣಗದೆ ತಿರುಗುತ್ತದೆ. ಪಂಪ್ ಕೂಡ ಸದ್ಯಕ್ಕೆ ಸುಮ್ಮನಿದೆ. "ಹಾಗಿದ್ಮೇಲೆ ಬಿಟ್ಟುಬಿಡು" ಎನ್ನುತ್ತಾರೆ ಯಜಮಾನರು. ಇವತ್ತಿನ ವೋಲ್ಟ್ ಬಗ್ಗೆ ನನಗೂ ಚಿಂತೆಯಿಲ್ಲ. ಕ್ರಿಂಪ್ ಮಾಡಿದ ಕಡೆ ಅಲ್ಯೂಮಿನಿಯಂ ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ, ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಗಾಡಿಯ ಅದುರು ಬೇರೆ. ಇವತ್ತು ಗಟ್ಟಿಯಾಗಿರುವ ಜೋಡಣೆ ಮುಂದೊಂದು ದಿನ ಸಡಿಲಾಗಿ ಬಿಸಿಯಾದರೆ, ಅದು ಹಲಗೆಯ ಹಿಂದೆ ನಡೆಯುತ್ತದೆ, ಕೈಗೂ ಮೂಗಿಗೂ ಸಿಗದ ಜಾಗದಲ್ಲಿ. ಬಿಡುವ ಮಾತೇ ಇಲ್ಲ.

ಹಲಗೆ ಬಿಚ್ಚಬೇಕೆಂದರೆ ಅಂಚಿನ ಪಟ್ಟಿ ಕೀಳಬೇಕು. ಪಟ್ಟಿ ಕಿತ್ತರೆ ಪಾಲಿಶ್ ಎದ್ದುಬರುತ್ತದೆ. ಅವರು ವಾರಗಟ್ಟಲೆ ಉಜ್ಜಿ ಉಜ್ಜಿ ಹೊಡೆದ ಪಾಲಿಶ್ ಅದು, ಬಂದವರಿಗೆಲ್ಲ ಬೆರಳಾಡಿಸಿ ನೋಡಿ ಎನ್ನುತ್ತಾರೆ. ಬಿಚ್ಚಿದವರೇ ಹೊಡೆಯಬೇಕು ಎಂಬುದು ಅವರ ವಾದ. ವೈರು ಮಾರಿದವನೇ ಬಂದು ಹೊಡೆಯಬೇಕು ಎಂಬುದು ನನ್ನದು. ಸದ್ಯಕ್ಕೆ ಹೊಸ ವೈರು ತೂಗಿ ತಂದಾಗಿದೆ, ಪಾಲಿಶ್ ಡಬ್ಬಿಯೂ ಬಂದಿದೆ. ಬ್ರಷ್ ಯಾರ ಕೈಗೆ ಎಂಬುದು ಇನ್ನೂ ಮಾತುಕತೆಯಲ್ಲಿದೆ.